ಯೋಬನ ಕುರಿಗಳ ಲೆಕ್ಕ

ಸತ್ಯವೇದದಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಅರ್ಥವಾದ ಪ್ರಶ್ನೆಯನ್ನು ಕೇಳಿದವನು ಪ್ರವಾದಿಯಲ್ಲ, ಅಪೊಸ್ತಲನೂ ಅಲ್ಲ, ಸೈತಾನ. ಯೋಬನ ಗ್ರಂಥದ ಮೊದಲ ಅಧ್ಯಾಯದಲ್ಲಿ ದೇವರು ತನ್ನ ಸೇವಕ ಯೋಬನ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾನೆ. ಸೈತಾನನಿಗೆ ಅದು ರುಚಿಸುವುದಿಲ್ಲ. ಆ ಮನುಷ್ಯನ ಭಕ್ತಿಗೆ ಕೈತುಂಬ ಕೂಲಿ ಸಿಗುತ್ತಿದೆ, ಕೂಲಿ ನಿಲ್ಲಿಸಿದರೆ ಭಕ್ತಿಯೂ ನಿಲ್ಲುತ್ತದೆ ಎನ್ನುವುದು ಅವನ ವಾದ. ಸಂಡೇ ಸ್ಕೂಲಿನಲ್ಲಿ ಟೀಚರು ಈ ಕಥೆ ಹೇಳಿದಾಗ ಪಕ್ಕದಲ್ಲಿ ಕೂತ ಮಕ್ಕಳು ಸೈತಾನನಿಗೆ ಕೊಂಬು ಇತ್ತೇ, ಬಾಲ ಇತ್ತೇ ಎಂದು ಕೇಳಿದರು. ನನಗೆ ಅದರ ಕುತೂಹಲ ಇರಲಿಲ್ಲ. ಆ ಮಾತನ್ನು ನಾನು ಶಾಲೆಯ ದಾರಿಯಲ್ಲಿ ಆಗಲೇ ಕೇಳಿದ್ದೆ. ಹೇಳಿದವರಿಗೆ ಕೊಂಬೂ ಇರಲಿಲ್ಲ, ಬಾಲವೂ ಇರಲಿಲ್ಲ. ನಮ್ಮನ್ನು ಕಂಡರೆ ಅವರು ಹೇಳುತ್ತಿದ್ದುದು ಇಷ್ಟೇ: "ಗಂಜಿಗೆ ಜಾತಿ ಬಿಟ್ಟವರು."

ನಮ್ಮದು ಮಂಗಳೂರಿನ ಜೆಪ್ಪು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಮುತ್ತಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕಿದ್ದವರು. ಅವರು ಮೊದಲು ಕೆಲಸಕ್ಕೆ ಸೇರಿ ಆಮೇಲೆ ದೀಕ್ಷಾಸ್ನಾನ ಪಡೆದರೋ, ಮೊದಲು ದೀಕ್ಷೆ ಪಡೆದು ಆಮೇಲೆ ಕೆಲಸಕ್ಕೆ ಸೇರಿದರೋ ಎನ್ನುವುದರ ಬಗ್ಗೆ ಮನೆಯಲ್ಲಿ ಎರಡು ಪಕ್ಷ. ದೊಡ್ಡಮ್ಮನ ಪ್ರಕಾರ ದೀಕ್ಷೆಯೇ ಮೊದಲು. ಯಾರಾದರೂ ಬೇರೆ ಹೇಳಿದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಅಜ್ಜ ಮಾತ್ರ ಬೀಡಿ ಹಚ್ಚಿಕೊಂಡು, "ಹಸಿದವನು ಮೊದಲು ಎಲ್ಲಿಗೆ ಹೋಗುತ್ತಾನೆ, ನೀವೇ ಹೇಳಿ" ಎಂದು ನಗುತ್ತಿದ್ದರು.

ಹಸಿವಿಗೆ ಕಾರಣವಿತ್ತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದಿಳಿದಾಗ ಅವರ ತಲೆಯಲ್ಲಿ ಕಾರ್ಖಾನೆಯ ಯೋಚನೆ ಇರಲಿಲ್ಲ. ಆದರೆ ಅವರ ಮಾತು ಕೇಳಿ ಬಂದವರಿಗೆ ಊರಿನಲ್ಲಿ ನಿಲ್ಲಲು ನೆಲೆ ಉಳಿಯಲಿಲ್ಲ. ಗೇಣಿಯ ಗದ್ದೆ ಹೋಯಿತು, ಬಾವಿಯ ನೀರು ನಿಂತಿತು, ಕುಟುಂಬದ ಆಸ್ತಿಯಲ್ಲಿ ಪಾಲು ತಪ್ಪಿತು. ಕಳ್ಳು ತೆಗೆಯುವ ಕಸುಬನ್ನು ಮಿಷನ್ನಿನವರೇ ಪಾಪವೆಂದು ಬಿಡಿಸಿದರು. ಕಸುಬು ಬಿಡಿಸಿದ ಮೇಲೆ ಬೇರೊಂದು ಕೊಡಬೇಡವೇ? 1841ರಲ್ಲಿ ಅಚ್ಚುಕೂಟ ಬಂತು, ಮುಂದೆ ನೇಯ್ಗೆ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಆವೆಮಣ್ಣನ್ನು ನೋಡಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರು ಹಂಚು ಎಂದರೆ ದೇಶದಾಚೆಗೂ ಹೆಸರಾಯಿತು. ಅದರೊಂದಿಗೆ ಆ ಅನುಮಾನವೂ ಹುಟ್ಟಿಕೊಂಡಿತು. ಬರುವವರು ಕ್ರಿಸ್ತನಿಗಾಗಿ ಬರುತ್ತಿದ್ದಾರೋ ಸಂಬಳಕ್ಕಾಗಿಯೋ? ಈ ಚಿಂತೆ ಮಿಷನರಿಗಳನ್ನೂ ಬಿಡಲಿಲ್ಲ. ಹಾಗೆ ನೋಡಿದರೆ ಸೈತಾನನ ಪ್ರಶ್ನೆಯನ್ನು ನಮ್ಮ ಬಗ್ಗೆ ಕೇಳಿದವರಲ್ಲಿ ನಮ್ಮವರೇ ಮೊದಲಿಗರು.

ಈ ಪ್ರಶ್ನೆಗೆ ಉತ್ತರವಾಗಿ ನಮ್ಮಲ್ಲಿ ಯಾವಾಗಲೂ ಮುಂದೆ ನಿಲ್ಲಿಸುವ ಹೆಸರು ಆನಂದರಾವ್ ಕೌಂಡಿನ್ಯರದು. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, 1844ರಲ್ಲಿ ದೀಕ್ಷೆ ಪಡೆದರು. ಊರಿಗೆ ಊರೇ ಎದ್ದು ಕೂತಿತು. ಮಿಷನರಿ ಮೊಗ್ಲಿಂಗ್ ಜತೆ ಬಾಸೆಲಿಗೆ ಹೋಗಿ ದೈವಶಾಸ್ತ್ರ ಓದಿ, ಹೆರ್ಮನ್ ಕೌಂಡಿನ್ಯ ಎಂಬ ಹೆಸರಿನ ಬೋಧಕರಾಗಿ ಮರಳಿ ಬಂದು, ಇಲ್ಲಿಯೂ ಕೊಡಗಿನ ಆನಂದಪುರದಲ್ಲಿಯೂ ಬಾಳು ಸವೆಸಿದರು. ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಅಂಥವರನ್ನು ಗಂಜಿಗೆ ಬಂದವರು ಎನ್ನಲು ಯಾರ ನಾಲಿಗೆಯೂ ಹೊರಳುವುದಿಲ್ಲ. ಚಿಕ್ಕವನಿದ್ದಾಗ ನನಗೂ ಕೌಂಡಿನ್ಯರ ಕಥೆ ಹೇಳುವುದೆಂದರೆ ಎದೆ ಉಬ್ಬುತ್ತಿತ್ತು. ಈಗ ಸ್ವಲ್ಪ ಇರುಸುಮುರುಸು. ಕಳೆದುಕೊಳ್ಳಲು ಆಸ್ತಿ ಇದ್ದವನ ನಿಷ್ಠೆ ಮಾತ್ರ ನಿಷ್ಠೆ, ಆಸ್ತಿಯೇ ಇಲ್ಲದವನದು ವ್ಯಾಪಾರ ಎಂದು ನಾವೇ ಒಪ್ಪಿಕೊಂಡ ಹಾಗಾಗಲಿಲ್ಲವೇ?

ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಐದು ಸಾವಿರ ಜನಕ್ಕೆ ಊಟ ಹಾಕುತ್ತಾನೆ. ಮರುದಿನ ಅದೇ ಜನ ದೋಣಿ ಹತ್ತಿ ಕಪೆರ್ನೌಮಿನವರೆಗೂ ಆತನನ್ನು ಹುಡುಕಿಕೊಂಡು ಬರುತ್ತಾರೆ. ರೊಟ್ಟಿ ತಿಂದು ಹೊಟ್ಟೆ ತುಂಬಿದ್ದಕ್ಕೆ ಬಂದಿದ್ದೀರಿ ಎಂದು ಆತ ಮುಖಕ್ಕೇ ಹೇಳುತ್ತಾನೆ, ಆದರೆ ಓಡಿಸುವುದಿಲ್ಲ, ಕೂರಿಸಿಕೊಂಡು ಮಾತಾಡುತ್ತಾನೆ. ಮಾತು ಕಠಿಣವಾದಾಗ ಬಹಳ ಜನ ಎದ್ದು ಹೋಗುತ್ತಾರೆ. ಹನ್ನೆರಡು ಜನ ಉಳಿಯುತ್ತಾರೆ. ಅವರೂ ಹಿಂದಿನ ದಿನ ಅದೇ ರೊಟ್ಟಿ ತಿಂದವರೇ. ನೀವೂ ಹೋಗುತ್ತೀರಾ ಎಂದು ಕೇಳಿದಾಗ ಪೇತ್ರ ಕೊಟ್ಟ ಉತ್ತರದಲ್ಲಿ ವೀರಾವೇಶವಿಲ್ಲ. ಬೇರೆ ಯಾರ ಬಳಿ ಹೋಗೋಣ ಎಂಬ ನಿರುಪಾಯವೂ ಅದರಲ್ಲಿ ಸೇರಿದೆ. ಯಾಕೆ ಬಂದರು ಎನ್ನುವುದನ್ನು ಆ ಅಧ್ಯಾಯ ಹೇಳಿದರೂ ಅದನ್ನೇ ಕೊನೆಯ ಲೆಕ್ಕ ಮಾಡುವುದಿಲ್ಲ. ಯಾರು ಉಳಿದರು ಎನ್ನುವುದಷ್ಟೇ ಅಲ್ಲಿ ಮುಖ್ಯ.

ಉಳಿದರೋ ಇಲ್ಲವೋ ಎಂದು ನೋಡುವ ಕಾಲ ನಮ್ಮವರಿಗೆ 1914ರಲ್ಲಿ ಬಂತು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಹಲವರನ್ನು ಹಿಡಿದು ಶಿಬಿರದಲ್ಲಿಟ್ಟರು, ಕೊನೆಗೆ ಊರಿಗೆ ಸಾಗಹಾಕಿದರು. ಕಾರ್ಖಾನೆಗಳು ಸರಕಾರದ ವಶವಾಗಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈ ಸೇರಿದವು. ಅಜ್ಜನಿಗೆ ಆಗ ಹದಿನಾಲ್ಕರ ಆಸುಪಾಸು. ಬೆಳಗ್ಗೆ ಗಂಟೆ ಹೊಡೆದಾಗ ಪ್ರಾರ್ಥನೆ ಮಾಡಿಸುತ್ತಿದ್ದ ದೊರೆಯೇ ಇಲ್ಲದ ಕಾರ್ಖಾನೆಯನ್ನು ಅವರು ಕಣ್ಣಾರೆ ಕಂಡವರು. ಹೊಸ ಕಂಪನಿಗೆ ಬೇಕಾದದ್ದು ಹಂಚು, ಹಂಚು ಮಾಡುವ ಕೈ. ಆ ಕೈ ಯಾವ ದೇವರಿಗೆ ಮುಗಿಯುತ್ತದೆ ಎನ್ನುವುದು ಅವರಿಗೆ ಬೇಕಿರಲಿಲ್ಲ. ಅಂದರೆ ಕ್ರೈಸ್ತನಾಗಿದ್ದುದರಿಂದ ಸಿಗುವ ಲಾಭ ಅಲ್ಲಿಗೆ ಮುಗಿದಿತ್ತು. ಹಿಂದಿರುಗುವವರಿಗೆ ಅದಕ್ಕಿಂತ ಒಳ್ಳೆಯ ಸಮಯ ಬೇರೆ ಬರಲಾರದು. ಆದರೂ ಭಾನುವಾರ ಗಂಟೆ ಹೊಡೆದಾಗ ಜನ ಬಂದರು. ಬಲ್ಮಠದಲ್ಲಿ, ಜೆಪ್ಪುವಿನಲ್ಲಿ, ಮೂಲ್ಕಿಯಲ್ಲಿ, ಉಡುಪಿಯಲ್ಲಿ ಸಭೆಗಳು ಉಳಿದವು, ಇಂದಿಗೂ ಇವೆ. ನನ್ನ ಮಟ್ಟಿಗೆ ಗಂಜಿಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಅದಕ್ಕೆ ಕೌಂಡಿನ್ಯರು ಬೇಕಾಗಿಲ್ಲ, ನನ್ನ ಮುತ್ತಜ್ಜ ಸಾಕು.

ಅಜ್ಜನೂ ಅದೇ ಕಾರ್ಖಾನೆಗೆ ಸೇರಿದರು. ಅವರದು ಭಟ್ಟಿಯ ಕೆಲಸ. ನಾನು ನೋಡುವ ಹೊತ್ತಿಗೆ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಕೈಯ ಅಭ್ಯಾಸ ಬಿಟ್ಟಿರಲಿಲ್ಲ. ಮನೆಯ ಮಾಡಿನ ಹಂಚು ಬದಲಿಸುವಾಗ ಒಂದೊಂದನ್ನೂ ಎಡಗೈಯ ಎರಡು ಬೆರಳಲ್ಲಿ ತೂಗುಹಾಕಿ ಹಿಡಿದು ಬಲಗೈಯ ಗೆಣ್ಣಿನಿಂದ ಬಡಿಯುತ್ತಿದ್ದರು. ಟಣ್ ಎಂದರೆ ಬಲಕ್ಕೆ, ಡಬ್ ಎಂದರೆ ಎಡಕ್ಕೆ. ಎಡಕ್ಕಿಟ್ಟದ್ದನ್ನು ನಾನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರೂ ಬಿರುಕು ಕಾಣುತ್ತಿರಲಿಲ್ಲ. ನೀರು ಚಿಮುಕಿಸಿದಾಗ ಮಾತ್ರ ಮೂಲೆಯಿಂದ ಹೊರಟ ಕೂದಲೆಳೆಯೊಂದು ಕಪ್ಪಗೆ ಮೂಡುತ್ತಿತ್ತು.

ಜೆಪ್ಪುವಿನ ಸಭೆಯಲ್ಲಿ ಪ್ರಸಂಗ ಮಾಡುವವರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಉಪಮೆ ಬೇಕೇ? ಹೊಸ ಸಭಾಪಾಲಕರು ಯಾರೇ ಬರಲಿ, ಮೊದಲ ವರ್ಷದಲ್ಲೇ ಒಂದು ಸಲ ಹಂಚಿನ ಪ್ರಸಂಗ ಆಗಿಯೇ ತೀರುತ್ತಿತ್ತು. ಬೆಂಕಿಯಲ್ಲಿ ಬೆಂದ ಹಂಚು ಮಳೆ ತಡೆಯುತ್ತದೆ, ಕಷ್ಟದಲ್ಲಿ ಬೆಂದ ವಿಶ್ವಾಸಿ ದೇವರಿಗೆ ನಂಬಿಗಸ್ತನಾಗಿ ಉಳಿಯುತ್ತಾನೆ. ಜನ ತಲೆದೂಗುತ್ತಿದ್ದರು. ಅಜ್ಜ ಮಾತ್ರ ಮನೆಗೆ ಬಂದು ಅಂಗಿ ಬಿಚ್ಚುತ್ತಾ ಗೊಣಗುತ್ತಿದ್ದರು. "ಹಂಚಿಗೆ ನೋವಾಗುತ್ತದಾ? ಪಾದ್ರಿಗಳು ಒಂದು ಸಲ ಭಟ್ಟಿಯ ಬಾಯಿಗೆ ಬಂದು ನಿಂತು ಆಮೇಲೆ ಹೇಳಲಿ."

ಅವರಿಗೆ ಇಷ್ಟವಾಗಿದ್ದ ಬೆಂಕಿಯ ಕಥೆ ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯದ್ದು. ಬಾಬೆಲಿನ ಅರಸ ನೆಬೂಕದ್ನೆಚ್ಚರ ತನ್ನ ಚಿನ್ನದ ಪ್ರತಿಮೆಗೆ ಅಡ್ಡ ಬೀಳದ ಶದ್ರಕ್, ಮೇಶಕ್, ಅಬೇದ್ನೆಗೋ ಎಂಬ ಮೂವರು ಯೆಹೂದ್ಯರನ್ನು ಬೆಂಕಿಗೆ ಹಾಕಿಸುತ್ತಾನೆ. ಭಟ್ಟಿಯನ್ನು ಏಳು ಪಟ್ಟು ಕಾಯಿಸಿದ್ದರಿಂದ ಅವರನ್ನು ಎತ್ತಿ ಹಾಕಲು ಹೋದ ಆಳುಗಳೇ ಝಳಕ್ಕೆ ಸತ್ತರು ಎಂದು ಅಲ್ಲಿ ಬರುತ್ತದೆ. ಈ ಒಂದು ವಾಕ್ಯಕ್ಕಾಗಿ ಅಜ್ಜ ಇಡೀ ಅಧ್ಯಾಯವನ್ನು ನಂಬುತ್ತಿದ್ದರು. ಬರೆದವನು ಭಟ್ಟಿ ಕಂಡವನೇ, ಇಲ್ಲದಿದ್ದರೆ ಸಾಯುವವರು ಆಳುಗಳು ಎನ್ನುವುದು ಅವನಿಗೆ ಹೇಗೆ ತಿಳಿಯಬೇಕು ಎನ್ನುವುದು ಅವರ ತರ್ಕ. ಆ ಮೂವರು ಅರಸನಿಗೆ ಕೊಟ್ಟ ಉತ್ತರವನ್ನೂ ಅವರು ನಮಗೆ ವಿವರಿಸಿ ಹೇಳುತ್ತಿದ್ದರು: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ನಾವು ಬಾಗುವುದಿಲ್ಲ. ಸೈತಾನನಿಗೆ ಸಿಕ್ಕಬೇಕಾದ ಜವಾಬು ಇದೇ ಅಲ್ಲವೇ? ಬೆಂಕಿಯಲ್ಲಿ ನಾಲ್ಕನೆಯವನೊಬ್ಬ ಕಾಣಿಸಿಕೊಂಡದ್ದು, ಅವರ ಕೂದಲೂ ಸುಡದೆ ಹೊರಬಂದದ್ದು ಆಮೇಲಿನ ಮಾತು. ಉತ್ತರ ಕೊಡುವಾಗ ಅವರಿಗೆ ಅದು ಗೊತ್ತಿರಲಿಲ್ಲ.

ಇಷ್ಟೆಲ್ಲ ಹೇಳುತ್ತಿದ್ದ ಅಜ್ಜ ಚರ್ಚಿನಲ್ಲಿ ಹಾಡುತ್ತಿರಲಿಲ್ಲ.

ಇದು ನನಗೆ ಗೊತ್ತಾದದ್ದು ತಡವಾಗಿ. ಬಾಸೆಲ್ ಮಿಷನ್ ಸಭೆ ಎಂದರೆ ಹಾಡುವ ಸಭೆ. ಜರ್ಮನ್ ರಾಗಗಳಿಗೆ ಕೂಡಿಸಿದ ಕನ್ನಡ ಸಂಗೀತಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುವುದು ಇಲ್ಲಿ ಮಕ್ಕಳಿಗೂ ಬರುತ್ತದೆ. ಅಜ್ಜ ಪುಸ್ತಕ ತೆರೆದು, ಸರಿಯಾದ ಪುಟ ಹಿಡಿದು, ಎಲ್ಲರ ಜತೆ ಎದ್ದು ನಿಲ್ಲುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ. ದೃಢೀಕರಣದ ವರ್ಷ ಅವರ ಪಕ್ಕದಲ್ಲಿ ನಿಂತು ಮೊದಲ ಸಲ ಗಮನಿಸಿದೆ. ಅಪ್ಪನನ್ನು ಕೇಳಿದಾಗ ವಿಷಯ ಹೊರಬಂತು. ಅಪ್ಪನ ಅಕ್ಕ, ಅಜ್ಜನ ಮೊದಲ ಮಗಳು, ಒಂಬತ್ತು ವರ್ಷದವಳು, ಜ್ವರದಲ್ಲಿ ತೀರಿಹೋಗಿದ್ದಳು. ಆಕೆಗೆ ಒಳ್ಳೆಯ ಕಂಠವಿತ್ತಂತೆ. ಸಭೆಗೆ ಸಭೆಯೇ ರಾತ್ರಿಯಿಡೀ ಪ್ರಾರ್ಥನೆ ಮಾಡಿತ್ತಂತೆ. ಮಣ್ಣು ಮಾಡಿ ಬಂದ ಮೇಲಿನ ಭಾನುವಾರ ಅಜ್ಜ ಎಂದಿನಂತೆ ಚರ್ಚಿಗೆ ಹೋದರು, ಎಂದಿನ ಬೆಂಚಿನಲ್ಲಿ ಕೂತರು, ಬಾಯಿ ತೆರೆಯಲಿಲ್ಲ. ಮುಂದೆ ಸಾಯುವವರೆಗೂ ತೆರೆಯಲಿಲ್ಲ.

ಒಂದು ಭಾನುವಾರವೂ ತಪ್ಪಿಸಿದವರಲ್ಲ. ಆರಾಧನೆ ಮುಗಿದ ಮೇಲೆ ಕಾಣಿಕೆಯ ಹಣ ಎಣಿಸುವುದು ಅವರ ಪಾಲಿನ ಕೆಲಸ. ಕಾಲಾಣೆ, ಅರ್ಧಾಣೆ, ಆಮೇಲೆ ನಯಾಪೈಸೆ ಎಲ್ಲವನ್ನೂ ಬೇರೆ ಬೇರೆ ಗುಡ್ಡೆ ಹಾಕಿ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರ ಸಹಿ ಹಾಕಿಸಿಯೇ ಮನೆಗೆ ಬರುವುದು. ಯಾಕೆ ಹಾಡುವುದಿಲ್ಲ ಎಂದು ನಾನು ಕೇಳಿಯೇ ಬಿಟ್ಟೆ. ಸಿಡುಕುತ್ತಾರೆ ಎಂದುಕೊಂಡಿದ್ದೆ. "ಹಾಡುವುದಕ್ಕೆ ಅವನಿಗೆ ಬೇಕಷ್ಟು ಜನ ಇದ್ದಾರೆ ಮಗಾ, ಲೆಕ್ಕ ಬರೆಯುವುದಕ್ಕೆ ಯಾರೂ ಇಲ್ಲ" ಎಂದರು. ಅಷ್ಟೇ.

ಅವರ ಸತ್ಯವೇದ ಈಗ ನನ್ನ ಬಳಿ ಇದೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಅಚ್ಚಾಗಿತ್ತು. ಆದರೆ ನಮ್ಮ ಮನೆಯ ಹಳೆಯ ಒಡಂಬಡಿಕೆ ಕನ್ನಡದ್ದೇ. ಹಾಗಾಗಿ ಅಜ್ಜ ಅಜ್ಜಿಯೊಂದಿಗೆ ಜಗಳವಾಡಿದ್ದು ತುಳುವಿನಲ್ಲಿ, ದೇವರೊಂದಿಗೆ ಕನ್ನಡದಲ್ಲಿ. ಯೋಬನ ಗ್ರಂಥದ ಅಂಚುಗಳಲ್ಲಿ ಪೆನ್ಸಿಲ್ ಗೀಟುಗಳಿವೆ. ತಾಳ್ಮೆಯ ಯೋಬ ಕಾಣುವ ಮೊದಲ ಎರಡು ಅಧ್ಯಾಯಗಳ ಪುಟ ಸ್ವಚ್ಛವಾಗಿದೆ. ತಾನು ಹುಟ್ಟಿದ ದಿನವನ್ನೇ ಯೋಬ ಶಪಿಸುವ ಮೂರನೆಯ ಅಧ್ಯಾಯದಿಂದ ಗೀಟು ಶುರು. ದೇವರನ್ನು ನ್ಯಾಯಾಲಯಕ್ಕೆ ಎಳೆಯುವ ಮಾತು ಬಂದ ಕಡೆಯೆಲ್ಲ ಎರಡೆರಡು ಗೀಟು. 31ನೆಯ ಅಧ್ಯಾಯದಲ್ಲಿ ಯೋಬ ತನ್ನ ದೂರಿಗೆ ತಾನೇ ಸಹಿ ಹಾಕಿದ್ದೇನೆ ಎನ್ನುವಲ್ಲಿ ಪೆನ್ಸಿಲ್ಲಿನ ಮೊನೆ ಹಾಳೆಯನ್ನು ಸ್ವಲ್ಪ ಹರಿದಿದೆ.

ಕೊನೆಯ ಅಧ್ಯಾಯದಲ್ಲಿ ಒಂದು ಲೆಕ್ಕವಿದೆ. ಎಲ್ಲವನ್ನೂ ಕಳೆದುಕೊಳ್ಳುವ ಮೊದಲು ಯೋಬನಿಗೆ ಇದ್ದದ್ದು 7000 ಕುರಿ, 3000 ಒಂಟೆ, 500 ಜೋಡಿ ಎತ್ತು, 500 ಹೆಣ್ಣುಕತ್ತೆ. ಕೊನೆಗೆ ಸಿಕ್ಕಿದ್ದು 14000 ಕುರಿ, 6000 ಒಂಟೆ, 1000 ಜೋಡಿ ಎತ್ತು, 1000 ಹೆಣ್ಣುಕತ್ತೆ. ಎಲ್ಲವೂ ಎರಡರಷ್ಟು. ಮಕ್ಕಳು ಮಾತ್ರ ಮೊದಲು ಏಳು ಗಂಡು ಮೂರು ಹೆಣ್ಣು, ಕೊನೆಗೂ ಏಳು ಗಂಡು ಮೂರು ಹೆಣ್ಣು. ಅಜ್ಜ ಇದನ್ನು ಅಂಚಿನಲ್ಲಿ ಎರಡು ಸಾಲಾಗಿ ಬರೆದು ಕೂಡಿದ್ದಾರೆ. ಸತ್ತ ಹತ್ತು ಮಕ್ಕಳು ಸ್ವರ್ಗದಲ್ಲಿ ಇರುವುದರಿಂದ ಅವರನ್ನೂ ಸೇರಿಸಿದರೆ ಇಮ್ಮಡಿಯೇ ಆಯಿತು ಎಂದು ಕೆಲವು ವ್ಯಾಖ್ಯಾನಕಾರರು ಸಮಜಾಯಿಷಿ ಹೇಳುತ್ತಾರೆ. ಅಜ್ಜನ ಲೆಕ್ಕ ಹಾಗಿಲ್ಲ. ಕುರಿಗಳ ಸಾಲಿನ ಮುಂದೆ ಸರಿ ಎಂಬ ಗುರುತಿದೆ. ಮಕ್ಕಳ ಸಾಲಿನ ಮುಂದೆ ಏನೂ ಇಲ್ಲ, ಖಾಲಿ.

ದೇವರನ್ನು ಬೈಯುವುದು ನಮ್ಮ ನಾಡಿಗೆ ಹೊಸದಲ್ಲ. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕಿವಿ ನಮ್ಮದು. ಅಜ್ಜನ ಜತೆ ಭಟ್ಟಿಯಲ್ಲಿದ್ದ ಹಿಂದೂ ಗೆಳೆಯರೊಬ್ಬರು ಪುರಂದರದಾಸರ ಪದಗಳನ್ನು ಹಾಡಿ ವಿಠಲನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರಂತೆ. ಆದರೆ ಅಲ್ಲಿ ಸಲುಗೆಯಿದೆ, ಬೈಗುಳದಲ್ಲೂ ಮುದ್ದು ಇದೆ. ಯೋಬನದು ಸಲುಗೆಯಲ್ಲ, ದಾವೆ. ಆಶ್ಚರ್ಯವೆಂದರೆ ತೀರ್ಪು ಅವನ ಕಡೆಗಾಗುತ್ತದೆ. ದೇವರ ಪರವಾಗಿ ಪುಟಗಟ್ಟಲೆ ವಾದಿಸಿದ ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರ ಮೇಲೆ ದೇವರಿಗೆ ಕೋಪ ಬರುತ್ತದೆ. ನನ್ನ ವಿಷಯದಲ್ಲಿ ಯೋಬ ಆಡಿದಂತೆ ನೀವು ಸರಿಯಾದದ್ದನ್ನು ಆಡಲಿಲ್ಲ ಎಂಬ ಅರ್ಥದ ಮಾತು ಅವರಿಗೆ ಬೀಳುತ್ತದೆ. ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕಾಗುತ್ತದೆ.

ಎಲೀಫಜನನ್ನು ನಾನು ಮುಖಾಮುಖಿ ಕಂಡದ್ದು ನನ್ನ ತಮ್ಮನ ಮೂತ್ರಪಿಂಡ ಕೈಕೊಟ್ಟಾಗ. ವಾರಕ್ಕೆ ಮೂರು ಸಲ ಡಯಾಲಿಸಿಸ್. ತೋಳಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಚುಚ್ಚಿ ಹಗ್ಗದಷ್ಟು ದಪ್ಪವಾಗಿ ಎದ್ದು ನಿಂತಿತ್ತು. ಒಂದು ಸಂಜೆ ಯಾವುದೋ ಪ್ರಾರ್ಥನಾ ಕೂಟದವರು ಮನೆಗೆ ಬಂದರು. ನಮ್ಮ ಸಭೆಯವರಲ್ಲ, ಪರಿಚಯದವರೊಬ್ಬರು ಕರೆತಂದವರು. ಮೊದಲು ಹಾಡು, ಆಮೇಲೆ ಗಟ್ಟಿ ಪ್ರಾರ್ಥನೆ. ಆಮೇಲೆ ಅವರ ಮುಖಂಡ ತಮ್ಮನ ಹತ್ತಿರ ಕೂತು, ದೇವರು ನಂಬಿಗಸ್ತನು, ಆತನ ಕಡೆಯಿಂದ ತಡವಿಲ್ಲ, ತಡೆ ನಿನ್ನ ಕಡೆಯಲ್ಲೇ ಇರಬೇಕು ಎಂದ. ಒಪ್ಪಿಕೊಳ್ಳದ ಪಾಪವೇನಾದರೂ ಇದೆಯೇ ನೆನಪು ಮಾಡಿಕೋ ಎಂದ. ತಮ್ಮ ಸ್ವಲ್ಪ ಯೋಚಿಸಿ, "ಏಳನೇ ಕ್ಲಾಸಿನಲ್ಲಿ ಅಣ್ಣನ ಪೆನ್ನು ಕದ್ದಿದ್ದೆ, ಅದಕ್ಕೆ ಎರಡೂ ಕಿಡ್ನಿ ಹೋಗುವುದು ಸ್ವಲ್ಪ ಜಾಸ್ತಿಯಾಗಲಿಲ್ಲವೇ?" ಎಂದು ಕೇಳಿದ. ಅವರಿಗೆ ನಗು ಬರಲಿಲ್ಲ. ನಮ್ಮ ಅಮ್ಮ ಚಹಾ ಕೊಟ್ಟು ಕಳಿಸಿದರು.

ಆ ರಾತ್ರಿ ಯೋಬನ 22ನೆಯ ಅಧ್ಯಾಯ ತೆಗೆದು ಓದಿದೆ. ಅಲ್ಲಿ ಎಲೀಫಜ ಯೋಬನ ಮೇಲೆ ಅಪರಾಧಗಳನ್ನು ಪಟ್ಟಿ ಮಾಡುತ್ತಾನೆ: ಬಡವರ ಬಟ್ಟೆ ಒತ್ತೆಯಿಟ್ಟುಕೊಂಡೆ, ಬಾಯಾರಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ. ಒಂದಕ್ಕೂ ಸಾಕ್ಷಿಯಿಲ್ಲ. ದೇವರು ನ್ಯಾಯವಂತ ಎಂದು ಸಾಧಿಸುವುದಕ್ಕಾಗಿ ಗೆಳೆಯನನ್ನು ಕಳ್ಳನನ್ನಾಗಿ ಮಾಡಿದ್ದಾನೆ. ದೇವರ ಹೆಸರು ಉಳಿಸುವ ಉತ್ಸಾಹದಲ್ಲಿ ಮನುಷ್ಯರು ಹೇಳುವ ಸುಳ್ಳು ದೇವರಿಗೆ ಬೇಡವೆಂದು ಆ ಗ್ರಂಥ ನೇರವಾಗಿಯೇ ಹೇಳುತ್ತದೆ. ಆದರೂ ಎಲೀಫಜನ ಸಂತತಿಗೆ ಕೊನೆಯಿಲ್ಲ. ಈಗ ಅವರಿಗೆ ಟಿವಿ ಚಾನೆಲ್ಲುಗಳೂ ಇವೆ.

ತಮ್ಮನಿಗೆ ಯಾರೋ ಗೋಡೆಗೆ ತೂಗುವ ಫಲಕವೊಂದನ್ನು ಕೊಟ್ಟಿದ್ದರು. ಪ್ರಲಾಪಗಳು ಮೂರನೆಯ ಅಧ್ಯಾಯದ ಪ್ರಸಿದ್ಧ ವಚನ, ದೇವರ ಕರುಣೆ ಬೆಳಗು ಬೆಳಗೂ ಹೊಸದಾಗುತ್ತದೆ, ಆತನ ಸತ್ಯಸಂಧತೆ ದೊಡ್ಡದು ಎನ್ನುವುದು. ಅಮೆರಿಕದ ಟಾಮಸ್ ಚಿಸಂ 1923ರಲ್ಲಿ ಬರೆದ, ಜಗತ್ತಿನ ಎಷ್ಟೋ ಚರ್ಚುಗಳಲ್ಲಿ ಹಾಡುವ ಇಂಗ್ಲಿಷ್ ಗೀತೆಗೂ ಅದೇ ಆಧಾರ. ಫಲಕದಲ್ಲಿ ವಚನದ ಹಿಂದೆ ಸೂರ್ಯೋದಯದ ಚಿತ್ರ. ವಚನ ಹುಟ್ಟಿದ ಜಾಗದಲ್ಲಿ ಅಂಥ ಬೆಳಗು ಇರಲಿಲ್ಲ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟಿದ್ದರು, ದೇವಾಲಯ ಉಳಿದಿರಲಿಲ್ಲ, ಬೀದಿಯಲ್ಲಿ ಮಕ್ಕಳು ಹಸಿವಿನಿಂದ ಬೀಳುತ್ತಿದ್ದರು. ಆ ಬೂದಿಯ ಮೇಲೆ ಕೂತು ಬರೆದ ಐದು ಶೋಕಗೀತೆಗಳಲ್ಲಿ ಮೂರನೆಯದರ ನಡುವೆ ಈ ಮಾತು ಬರುತ್ತದೆ. ಅಲ್ಲಿಗೆ ಕಣ್ಣೀರು ಒರೆಸಿಕೊಂಡು ಪುಸ್ತಕ ಮುಗಿಸಬಹುದಿತ್ತು. ಮುಗಿಸುವುದಿಲ್ಲ. ಇನ್ನೂ ಎರಡು ಶೋಕಗೀತೆಗಳಿವೆ. ಐದನೆಯದರ ಕೊನೆಯಲ್ಲಿ ದೇವರು ನಮ್ಮನ್ನು ಪೂರ್ತಿ ಕೈಬಿಟ್ಟನೋ ಎಂಬ ಆತಂಕವೇ ಉಳಿಯುತ್ತದೆ. ಫಲಕ ಮಾಡುವವರಿಗೆ ಆ ಕೊನೆಯ ವಚನ ಬೇಡ.

ಕೊನೆಯ ತಿಂಗಳುಗಳಲ್ಲಿ ಸಭಾಪಾಲಕರು ಪವಿತ್ರ ಭೋಜನ ಕೊಡಲು ಮನೆಗೇ ಬರುತ್ತಿದ್ದರು. ತರುಣರು, ಮೃದು ಸ್ವಭಾವದವರು. ಒಂದು ದಿನ ಯಾವ ಕೀರ್ತನೆ ಓದಲಿ ಎಂದು ಕೇಳಿದರು. 23 ಅಥವಾ 91 ಎನ್ನುತ್ತಾನೆ ಎಂದು ಅವರೂ ನಾವೂ ನಿರೀಕ್ಷಿಸಿದ್ದೆವು. ತಮ್ಮ 88 ಎಂದ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಶೋಕದ ಕೀರ್ತನೆಗಳು ಬಹಳ ಇವೆ. ಆದರೆ ಹೆಚ್ಚಿನವು ಎಲ್ಲೋ ಒಂದು ಕಡೆ ತಿರುಗಿ ಸ್ತುತಿಗೆ ಬರುತ್ತವೆ. 88 ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಆ ಕತ್ತಲೆಯಲ್ಲಿ ಕೂತವನು ಮಾತಾಡುತ್ತಿರುವುದು ದೇವರೊಂದಿಗೇ, ಬೇರೆ ಯಾರೊಂದಿಗೂ ಅಲ್ಲ. ಸಭಾಪಾಲಕರು ಒಂದಕ್ಷರ ಬಿಡದೆ ಓದಿದರು. ಕೊನೆಗೆ ಸಮಾಧಾನದ ಮಾತು ಸೇರಿಸಲಿಲ್ಲ. ಅದಕ್ಕಾಗಿ ಅವರಿಗೆ ನಾನು ಇವತ್ತಿಗೂ ಕೃತಜ್ಞ. ತಮ್ಮ "ಆಮೆನ್" ಎಂದ. ಆಮೇಲೆ ನನಗೆ ಹೇಳಿದ: "91 ನನಗೆ ಆಗುವುದಿಲ್ಲ. ಅರಣ್ಯದಲ್ಲಿ ಯೇಸುವಿಗೆ ಸೈತಾನ ಓದಿ ಹೇಳಿದ್ದು ಅದನ್ನೇ." ನಿಜ. ದೇವಾಲಯದ ಶಿಖರದಿಂದ ಹಾರು, ದೂತರು ಎತ್ತಿಕೊಳ್ಳುತ್ತಾರೆ ಎಂದು ಪುಸಲಾಯಿಸುವಾಗ ಸೈತಾನನ ಬಾಯಲ್ಲಿ ಬರುವುದು ಆ ಕೀರ್ತನೆಯ ವಚನವೇ. 91 ಕೆಟ್ಟ ಕೀರ್ತನೆಯಲ್ಲ, ಅಮ್ಮ ಪ್ರತಿ ರಾತ್ರಿ ಅದನ್ನೇ ಓದಿ ಮಲಗುತ್ತಿದ್ದರು. ಆದರೆ ಅದನ್ನು ವಿಮೆಯ ಪಾಲಿಸಿ ಮಾಡಿಕೊಳ್ಳಬಾರದು ಎನ್ನುವುದನ್ನು ಯೇಸು ಅಲ್ಲೇ ತೋರಿಸಿಕೊಟ್ಟ. ಮುಂದೆ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ ಬೇಡವೆಂದು ಬೇಡಿಕೊಂಡ. ಬೇಡಿದ್ದು ಸಿಗಲಿಲ್ಲ. ಎದ್ದು ಹೋಗಲೂ ಇಲ್ಲ. ಮಾರ್ಕ, ಮತ್ತಾಯರ ಪ್ರಕಾರ ಶಿಲುಬೆಯ ಮೇಲೆ ಆತನ ಬಾಯಿಂದ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು. ಅದು ಸ್ತುತಿಯಲ್ಲ, ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆ. ಪ್ರಶ್ನೆ ಕೇಳಿದವನನ್ನೇ ಕ್ರೈಸ್ತರಾದ ನಾವು ನಂಬಿಗಸ್ತ ಸಾಕ್ಷಿ ಎಂದು ಕರೆಯುವುದು. ಹಾಗಿರುವಾಗ ಹಾಡದ ಅಜ್ಜನನ್ನಾಗಲಿ 88 ಓದಿಸಿದ ತಮ್ಮನನ್ನಾಗಲಿ ಯಾವ ಬಾಯಿಂದ ಅವಿಶ್ವಾಸಿ ಎನ್ನುವುದು?

ತಮ್ಮ ಮಳೆಗಾಲದಲ್ಲಿ ತೀರಿಕೊಂಡ. ಶವಸಂಸ್ಕಾರಕ್ಕೆ ಆ ಪ್ರಾರ್ಥನಾ ಕೂಟದವರೂ ಬಂದಿದ್ದರು. ಅವರ ಮುಖಂಡ ನನ್ನ ಕೈ ಹಿಡಿದು ಅತ್ತ. ಅವನ ದುಃಖ ನಿಜವಾದದ್ದೇ ಎಂದು ನನಗೆ ಅನ್ನಿಸಿತು. ಯೋಬನ ಗೆಳೆಯರೂ ಮೊದಲ ಏಳು ದಿನ ಅವನ ಜತೆ ನೆಲದ ಮೇಲೆ ಮಾತಿಲ್ಲದೆ ಕೂತವರೇ. ಕೆಟ್ಟದ್ದು ಬಾಯಿ ತೆರೆದ ಮೇಲೆ.

ಅಂಥವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಅಧ್ಯಾಯ ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯದು. ನಂಬಿಗಸ್ತರ ದೊಡ್ಡ ಪಟ್ಟಿಯದು: ಹೇಬೆಲ, ನೋಹ, ಅಬ್ರಹಾಮ, ಸಾರಾ, ಮೋಶೆ, ಸೂಳೆಯಾಗಿದ್ದ ರಹಾಬಳೂ ಇದ್ದಾಳೆ. ಅವರು ನಂಬಿಕೆಯಿಂದ ರಾಜ್ಯಗಳನ್ನು ಗೆದ್ದರು, ಸಿಂಹಗಳ ಬಾಯಿ ಮುಚ್ಚಿಸಿದರು, ಬೆಂಕಿಯ ಬಲ ಆರಿಸಿದರು. ಭಾಷಣಕಾರರು ಇಲ್ಲಿಗೆ ಬಂದು ದನಿ ಏರಿಸುತ್ತಾರೆ, ಜನ ಹಲ್ಲೆಲೂಯ ಎನ್ನುತ್ತಾರೆ, ಸತ್ಯವೇದ ಮುಚ್ಚುತ್ತದೆ. ಪತ್ರಿಕೆ ಬರೆದವನು ಅಲ್ಲಿ ಮುಚ್ಚಿರಲಿಲ್ಲ. 35ನೆಯ ವಚನದ ನಡುವಿನಿಂದ ಬೇರೆಯೇ ಜನ ಬರುತ್ತಾರೆ. ಪೆಟ್ಟು ತಿಂದವರು, ಸೆರೆಯಲ್ಲಿ ಕೊಳೆತವರು, ಗರಗಸದಿಂದ ಕೊಯ್ಯಿಸಿಕೊಂಡವರು, ಕುರಿಯ ಚರ್ಮ ಹೊದ್ದು ಗುಹೆಗಳಲ್ಲಿ ಅಲೆದವರು. ಇವರಿಗೆ ಯಾವ ಸಿಂಹವೂ ಬಾಯಿ ಮುಚ್ಚಲಿಲ್ಲ, ಯಾವ ಬೆಂಕಿಯೂ ಆರಲಿಲ್ಲ. ಇವರೂ ಅದೇ ಪಟ್ಟಿಯಲ್ಲಿದ್ದಾರೆ, ಅದೇ ನಂಬಿಕೆಯ ಹೆಸರಿನಲ್ಲಿ. ಪಟ್ಟಿಯಲ್ಲಿರುವ ಯಾರಿಗೂ ವಾಗ್ದಾನವಾದದ್ದು ಕೈಗೆ ಬರಲಿಲ್ಲ ಎಂದು ಕೊನೆಗೆ ಸ್ಪಷ್ಟವಾಗಿ ಬರೆದಿದೆ.

ಸಭಾಪಾಲಕರಲ್ಲಿ, ಸಂಡೇ ಸ್ಕೂಲ್ ಟೀಚರುಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಆ ಅಧ್ಯಾಯದಲ್ಲಿರುವುದು 40 ವಚನ. 34ರಲ್ಲಿ ನಿಲ್ಲಿಸಬೇಡಿ, ಉಳಿದ ಆರನ್ನೂ ಓದಿಸಿ. ಮಕ್ಕಳಿಗೆ 23ರ ಜತೆಗೆ 88ನೆಯ ಕೀರ್ತನೆಯನ್ನೂ ಬಾಯಿಪಾಠ ಮಾಡಿಸಿ. ಹಾಡುವ ಹೊತ್ತಿಗೆ ಬೆಂಚಿನಲ್ಲಿ ಯಾರಾದರೂ ಪುಸ್ತಕ ಹಿಡಿದು ಬಾಯಿ ಮುಚ್ಚಿ ನಿಂತಿದ್ದರೆ ಅವರನ್ನು ಕಾರಣ ಕೇಳಬೇಡಿ. ಅವರು ಬಂದಿದ್ದಾರೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.